ಮನೆಗೆ ಬಂದ ಚಿತ್ರಗಳೂ ಪರೀಕ್ಷಕರ ಕರ್ತವ್ಯವೂ

ಗುಣದೋಷಗಳನ್ನು ವಿವೇಚಿಸದೆ ಮಾಡಿದ ಹೊಗಳಿಕೆಯು ಹೊಗಳಿದವನಿಗೂ ಹೊಗಳಿಸಿಕೊಂಡವನಿಗೂ ಶ್ರೇಯಸ್ಕರವಲ್ಲ. ಕಾವ್ಯದ ವಿಷಯದಲ್ಲಿ ಈ ಮಾತನ್ನು ಕನ್ನಡಿಗರು ಬಹು ಹಿಂದೆಯೇ ಒಪ್ಪಿಕೊಂಡಿದ್ದಾರೆ. ಆದರೆ ಈಗ ವಾರವಾರವೂ ಮನೆಮನೆಯ ಪಡಸಾಲೆಗೆ ಬಂದಿಳಿಯುತ್ತಿರುವ ಚಲಚ್ಚಿತ್ರಗಳ ಹಾಗೂ ಧಾರಾವಾಹಿಗಳ ವಿಷಯದಲ್ಲಿ ಅದನ್ನು ಮರೆತಂತೆ ತೋರುತ್ತದೆ.

ಒಂದಾನೊಂದು ಕಾಲಕ್ಕೆ ಲಕ್ಕುಂಡಿಯವರು ಕಂಪನಿ ನಾಟಕವನ್ನಾಗಲಿ ಸಿನಿಮಾವನ್ನಾಗಲಿ ನೋಡಬೇಕಾದರೆ ಚಕ್ಕಡಿ ಹೂಡಿಕೊಂಡು ಗದಗಿಗೆ ಹೋಗಬೇಕಾಗುತ್ತಿತ್ತು. ಹೋಗುವುದಕ್ಕೆ ಮೊದಲು, ನೋಡಿ ಬಂದವರನ್ನು "ಆಟ ಹ್ಯಾಂಗೈತ್ರೀ?" ಎಂದು ಕೇಳುತ್ತಿದ್ದರು. ಕೇಳಿಸಿಕೊಂಡವರು ಹಾರ್ಮೋನಿಯಮ್ಮಿನವನ ಕೈಯನ್ನೂ, ರಾಜಪಾರ್ಟಿನವನ ಮಾತುಗಾರಿಕೆಯನ್ನೂ, ಹಾಸ್ಯವು ಹೆಂಗಸರ ಮುಂದೆ ಸಲ್ಲುವಂಥದೋ ಅಲ್ಲವೋ ಎಂಬುದನ್ನೂ ಬೇರೆ ಬೇರೆಯಾಗಿ ಹೇಳುತ್ತಿದ್ದರು. ಅಕ್ಷರ ಬಾರದವರ ಆ ಪರೀಕ್ಷೆಯು ಇಂದಿನ ಅನೇಕ ಮುದ್ರಿತ ವಿಮರ್ಶೆಗಳಿಗಿಂತ ಮೇಲಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಕಾಲವು ಬದಲಾಯಿತು. ಮಹಾಮಾರಿಯಿಂದ ಚಿತ್ರಮಂದಿರಗಳು ಬಾಗಿಲು ಮುಚ್ಚಿದಾಗ, ೨೦೨೦ನೆಯ ಇಸವಿಯ ಜುಲೈ ೧೭ಕ್ಕೆ 'ಲಾ' ಎಂಬ ಕನ್ನಡ ಚಿತ್ರವೂ, ಒಂದು ವಾರದ ಮೇಲೆ 'ಫ್ರೆಂಚ್ ಬಿರಿಯಾನಿ'ಯೂ ಅಮೆಜಾನ್ ಪ್ರೈಮಿನ ಮೂಲಕ ನೆಟ್ಟಗೆ ಮನೆಗಳಿಗೆ ಬಂದವು. ೨೦೨೧ರ ಅಕ್ಟೋಬರದಲ್ಲಿ 'ರತ್ನನ್ ಪ್ರಪಂಚ'ವೂ ಹೀಗೆಯೇ ಬಂದಿತು. ಚಿತ್ರಮಂದಿರಗಳು ತೆರೆದ ಮೇಲೂ ಈ ಪದ್ಧತಿಯು ನಿಲ್ಲಲಿಲ್ಲ. ಅಲ್ಲಿ ಓಡಿದ ಚಿತ್ರವು ಕೆಲವು ವಾರಗಳಲ್ಲಿ ಮನೆಯ ತೆರೆಗೆ ಬರುವುದು ಈಗ ರೂಢಿಯಾಗಿದೆ. ಅಜ್ಜಿ, ಸೊಸೆ, ಮೊಮ್ಮಕ್ಕಳು ಒಂದೇ ಪಡಸಾಲೆಯಲ್ಲಿ ಕುಳಿತು ನೋಡುತ್ತಾರೆ. ಯಾವುದನ್ನು ನೋಡಬೇಕೆಂಬ ಪ್ರಶ್ನೆಗೆ ಉತ್ತರ ಹೇಳತಕ್ಕವನು ಪರೀಕ್ಷಕನು. ಅವನು ಹೇಳುತ್ತಿರುವುದಾದರೂ ಏನು?

ಬಹುತೇಕ ವಿಮರ್ಶೆಗಳ ಅಂಗರಚನೆಯು ಒಂದೇ. ಮುಕ್ಕಾಲು ಭಾಗ ಕಥಾಸಾರ. ಅದರ ಮೇಲೆ ನಟನಟಿಯರ ಹೆಸರುಗಳು. "ಸಂಗೀತ ಪರವಾಗಿಲ್ಲ, ಛಾಯಾಗ್ರಹಣ ಕಣ್ಮನ ತಣಿಸುತ್ತದೆ" ಎಂಬ ಸವೆದ ವಾಕ್ಯಗಳು. ಕಡೆಗೆ ಐದರಲ್ಲಿ ಮೂರೋ ಮೂರೂವರೆಯೋ ನಕ್ಷತ್ರಗಳು. ಇನ್ನು ಕೆಲವಂತೂ ಈ ಶುಕ್ರವಾರ ಏನೇನು ಬಂದಿದೆ ಎಂಬ ಯಾದಿಗೆ ವಿಮರ್ಶೆಯೆಂಬ ಹೆಸರಿಟ್ಟವು. ಲಕ್ಕುಂಡಿಯ ಕಾಶೀವಿಶ್ವೇಶ್ವರ ದೇವಾಲಯದ ಬಾಗಿಲವಾಡದ ಮುಂದೆ ನಿಂತು, ಪಟ್ಟಿಕೆಪಟ್ಟಿಕೆಗೂ ಬೇರೆಯಾದ ಆ ಕೆತ್ತನೆಗೆ ಒಬ್ಬನು "ನಾಲ್ಕೂವರೆ" ಎಂದು ಅಂಕ ಕೊಟ್ಟು ಬಸ್ಸು ಹತ್ತಿದರೆ ಊರವರು ನಗಲಾರರೇ? ಅವನು ಕೊಟ್ಟ ಅಂಕ ಕಡಿಮೆಯೆಂದು ಯಾರೂ ನಗಲಿಕ್ಕಿಲ್ಲ. ನೋಡದೆ ಹೋದನೆಂದು ನಗುವರು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ನಿರ್ಣಯಿಸತಕ್ಕ ಪ್ರಾಶ್ನಿಕರನ್ನು ಹೇಳಿದ್ದಾನೆ. ಯಜ್ಞವನ್ನು ಬಲ್ಲವನು, ನರ್ತಕನು, ಛಂದಸ್ಸನ್ನು ಬಲ್ಲವನು, ವೈಯಾಕರಣನು, ರಾಜನು, ಧನುರ್ವಿದ್ಯೆಯನ್ನು ಬಲ್ಲವನು, ಚಿತ್ರಕಾರನು, ವೇಶ್ಯೆಯು, ಗಾಯಕನು, ರಾಜಸೇವಕನು—ಹೀಗೆ ಹತ್ತು ಜನರು. ಬಿಲ್ಲು ಹಿಡಿಯುವ ಸನ್ನಿವೇಶವನ್ನು ಬಿಲ್ಲುಗಾರನೂ, ಶಬ್ದವನ್ನು ವೈಯಾಕರಣನೂ, ರಾಜೋಪಚಾರವನ್ನು ರಾಜಸೇವಕನೂ ಪರೀಕ್ಷಿಸಬೇಕು. ಒಂದು ಪ್ರಯೋಗದಲ್ಲಿ ಹತ್ತು ವಿಷಯಗಳಿರುವವು, ಆ ಹತ್ತನ್ನೂ ಒಂದೇ ಅಂಕದಲ್ಲಿ ಅಡಗಿಸಲಿಕ್ಕೆ ಬಾರದು ಎಂಬುದೇ ಇದರ ಇಂಗಿತ. ಇಂದು ಒಬ್ಬನೇ ಬರೆಯುವನಾದರೆ ಅವನು ಹತ್ತೂ ಜನರ ಕಣ್ಣುಗಳನ್ನು ಸಾಧ್ಯವಾದಮಟ್ಟಿಗೆ ಎರವಲು ತಂದುಕೊಳ್ಳಬೇಕು. ಅದಿಲ್ಲದವನು ಪರೀಕ್ಷಕನೆನಿಸಲಾರನು, ಜಾಹೀರಾತಿನ ಡಂಗುರದವನೆನಿಸುವನು.

ಮನೆಯ ತೆರೆಗೆ ಬಂದ ಚಿತ್ರದ ಪರೀಕ್ಷೆಯಲ್ಲಿ ಇನ್ನೂ ಕೆಲವು ಹೊಸ ಹೊಣೆಗಳುಂಟು. ಮೊದಲನೆಯದು, ಬಂದಿರುವುದು ಮೊದಲಿನ ಕೃತಿಯೇ ಹೌದೋ ಎಂಬುದು. 'ಕಾಂತಾರ'ವು ೨೦೨೨ರ ಸೆಪ್ಟೆಂಬರ ೩೦ಕ್ಕೆ ಚಿತ್ರಮಂದಿರದಲ್ಲಿ ತೆರೆಕಂಡು, ನವೆಂಬರ ೨೪ಕ್ಕೆ ಮನೆಗಳಿಗೆ ಬಂದಾಗ 'ವರಾಹರೂಪಂ' ಎಂಬ ಹಾಡಿನ ಧಾಟಿಯೇ ಬೇರೆಯಾಗಿತ್ತು. ಆ ರಾಗಸಂಯೋಜನೆಯು ತಮ್ಮದರ ಅನುಕರಣವೆಂದು ಕೇರಳದ ಥೈಕ್ಕುಡಂ ಬ್ರಿಡ್ಜ್ ಎಂಬ ವಾದ್ಯವೃಂದದವರು ನ್ಯಾಯಾಲಯಕ್ಕೆ ಹೋಗಿದ್ದರು; ಮೂಲಧಾಟಿಯು ಮರಳಿದ್ದು ಆಮೇಲೆ. ಚಿತ್ರದ ಕೊನೆಯ ಆವೇಶಕ್ಕೆ ಜೀವಾಳವಾದ ಹಾಡೇ ಬದಲಾದಾಗ ಹಳೆಯ ವಿಮರ್ಶೆಯನ್ನೇ ಮತ್ತೆ ಅಚ್ಚುಹಾಕಿದರೆ ಓದುಗನಿಗೆ ಮೋಸಮಾಡಿದಂತಾಗದೇ?

ಎರಡನೆಯದು ವಯೋಧರ್ಮದ ಮಾತು. ಚಿತ್ರಮಂದಿರದ ಚಿತ್ರಕ್ಕೆ ಕೇಂದ್ರ ಮಂಡಳಿಯ ಪ್ರಮಾಣಪತ್ರವು ಬೇಕು. ಮನೆಗೆಂದೇ ತಯಾರಾದ ಧಾರಾವಾಹಿಗಳಿಗೆ ಅದಿಲ್ಲ. ೨೦೨೧ರ ಫೆಬ್ರುವರಿಯಲ್ಲಿ ಹೊರಟ ನಿಯಮಗಳ ಪ್ರಕಾರ ಪ್ರಕಾಶಕರೇ ಏಳು, ಹದಿಮೂರು, ಹದಿನಾರು ವರ್ಷಗಳ ಮೇಲಿನವರಿಗೆಂದೂ, ಕೇವಲ ವಯಸ್ಕರಿಗೆಂದೂ ತಮ್ಮ ಸರಕಿಗೆ ತಾವೇ ಚೀಟಿ ಅಂಟಿಸಿಕೊಳ್ಳುತ್ತಾರೆ. ಮಾರುವವನೇ ತೂಕ ಹೇಳುವಲ್ಲಿ ಕೊಳ್ಳುವವನ ಪರವಾಗಿ ತಕ್ಕಡಿ ಹಿಡಿಯುವವನೊಬ್ಬನು ಬೇಕಲ್ಲವೇ? ಇದು ನಿಷೇಧದ ಮಾತಲ್ಲ. ಹಿಂಸೆಯುಂಟೇ, ಅದು ಕಥೆಗೆ ಉಚಿತವೇ, ಹತ್ತು ವರ್ಷದ ಮಗುವಿನ ಮುಂದೆ ಹಾಕಬಹುದೇ ಎಂಬುದನ್ನು ತಿಳಿಸಿದರೆ ನಿರ್ಣಯವನ್ನು ಮನೆಯ ಯಜಮಾನಿತಿಯೇ ಮಾಡಿಕೊಳ್ಳುವಳು.

ಮೂರನೆಯದು ಭಾಷೆ. ದಬ್ಬಿಂಗಿನ ಮೇಲಿದ್ದ ಕಟ್ಟು ಸ್ಪರ್ಧೆಯ ಕಾಯಿದೆಗೆ ವಿರುದ್ಧವೆಂದು ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ನಿರ್ಣಯಿಸಿದ ಮೇಲೆ, ಪರಭಾಷೆಯ ಕೃತಿಗಳು ಕನ್ನಡದ ಮಾತು ತೊಟ್ಟು ಬರಹತ್ತಿವೆ. ಆ ಕನ್ನಡವು ಬಾಯಿಗೆ ಬರುವ ಕನ್ನಡವೋ, ಹಿಂದಿ ಇಂಗ್ಲಿಷಿನ ಮೇಲೆ ಬಳಿದ ಬಣ್ಣವೋ ಎಂಬುದನ್ನು ಎಷ್ಟು ವಿಮರ್ಶೆಗಳು ವಿಚಾರಿಸುತ್ತವೆ? ಬೆರಳಲ್ಲಿ ಎಣಿಸಿದರೂ ಬೆರಳುಗಳೇ ಮಿಕ್ಕಾವು.

ಇದಕ್ಕೆ ಪ್ರತಿಪಕ್ಷದವರು ಹೇಳುವುದಿಷ್ಟು: "ಕನ್ನಡ ಚಿತ್ರವೇ ಬಡವಾಗಿದೆ, ಅದಕ್ಕೆ ಪ್ರೋತ್ಸಾಹವು ಬೇಕು, ಪರೀಕ್ಷೆಯಲ್ಲ. ಬೇಡವಾದವನು ಗುಂಡಿ ಒತ್ತಿ ಆರಿಸಿದರಾಯಿತು." ಆರಿಸುವುದಕ್ಕೆ ಮೊದಲು ಕಳೆದ ವೇಳೆಯು ತಿರುಗಿ ಬಾರದು ಎಂಬುದು ಒಂದು ಉತ್ತರ. ಅದಕ್ಕಿಂತ ದೊಡ್ಡ ಉತ್ತರವು ಬೇರೆಯೇ ಇದೆ. ಎಲ್ಲವನ್ನೂ ಹೊಗಳುವಲ್ಲಿ ಒಳ್ಳೆಯದೇ ಮೊದಲು ಸಾಯುತ್ತದೆ. ಗದಗಿನಿಂದ ಲಕ್ಕುಂಡಿಯ ಮೇಲೆ ಹಾಯ್ದು ಮೂಡಲಿಗೆ ಹೋದರೆ ಸಿಕ್ಕುವ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಆ ಊರ ಮಾತಿನಲ್ಲಿಯೇ ತೆಗೆದ 'ಶಿವಮ್ಮ' ಚಿತ್ರವನ್ನು ನೋಡಿರಿ. ಶಾಲೆಯ ಅಡಿಗೆಯ ಬಡ ಹೆಂಗಸೊಬ್ಬಳು ಸರಪಳಿ ವ್ಯಾಪಾರದ ಆಸೆಗೆ ಬಿದ್ದ ಕಥೆಯದು. ೨೦೨೨ರಲ್ಲಿ ಕೊರಿಯಾ ದೇಶದ ಬೂಸಾನ್ ಚಿತ್ರೋತ್ಸವವು ಅದಕ್ಕೆ 'ನ್ಯೂ ಕರೆಂಟ್ಸ್' ಪ್ರಶಸ್ತಿಯನ್ನು ಕೊಟ್ಟಿತು. ಕನ್ನಡ ನಾಡಿನ ಚಿತ್ರಮಂದಿರಕ್ಕೆ ಅದು ಬಂದದ್ದು ೨೦೨೪ರ ಜೂನ್ ತಿಂಗಳಲ್ಲಿ. ನಾಲ್ಕು ನಕ್ಷತ್ರಗಳನ್ನು ಹೊಡೆದಾಟದ ಚಿತ್ರಕ್ಕೂ ಹಂಚಿದ ಮೇಲೆ ಇಂಥದಕ್ಕೆ ಕೊಡಲು ವಿಮರ್ಶಕನ ಜೋಳಿಗೆಯಲ್ಲಿ ಯಾವ ಮಾತು ಉಳಿದೀತು? ಅದೇ ೨೦೨೪ರ ಜುಲೈ ತಿಂಗಳಲ್ಲಿ 'ಏಕಂ' ಎಂಬ ಕರಾವಳಿಯ ಕಥೆಗಳ ಕನ್ನಡ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದ್ದರಿಂದ ನಿರ್ಮಾಪಕರು ತಾವೇ ಒಂದು ಜಾಲತಾಣವನ್ನು ಕಟ್ಟಿ ಜನರ ಮುಂದಿಟ್ಟರು. ಮರಾಠಿ ನಾಟಕಗಳು ಈ ಭಾಗವನ್ನು ಮುಚ್ಚಿದ್ದ ಕಾಲಕ್ಕೆ ಶಾಂತಕವಿಗಳು ಗದಗಿನಲ್ಲಿ ಕನ್ನಡದ ನಾಟಕ ಮಂಡಳಿಯನ್ನು ಕಟ್ಟಿದ ಸಾಹಸವು ಇಲ್ಲಿ ನೆನಪಿಗೆ ಬರುವುದು ಸಹಜ. ಇಂಥ ಸಾಹಸಗಳಿಗೆ ಬೇಕಾದದ್ದು ದಯೆಯ ಚಪ್ಪಾಳೆಯಲ್ಲ. ಏನು ಸಾಧಿಸಿತು, ಎಲ್ಲಿ ಎಡವಿತು ಎಂದು ಕೂತು ನೋಡಿ ಹೇಳುವ ಒಬ್ಬ ಸಹೃದಯನು.

ಇಂಥ ವಿವೇಚನೆಯು ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡದಲ್ಲಿ ಇಂದು ಉಪಲಬ್ಧವಿರುವ ಮೊದಲ ಗ್ರಂಥ; ಅದು ಕಥೆಯಲ್ಲ, ಕಾವ್ಯದ ದೋಷಾದೋಷಗಳನ್ನು ತೂಗುವ ಶಾಸ್ತ್ರ. ಇನ್ನು ಲಕ್ಕುಂಡಿಯ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ರನ್ನನಿಗೆ ಆಶ್ರಯವಿತ್ತಳು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ದಾನವನ್ನು ಎಲ್ಲರೂ ಕೊಂಡಾಡುವರು. ಆದರೆ ಅದಕ್ಕೂ ಹಿಂದಿನ ಒಂದು ಕೆಲಸವನ್ನು ಯಾರೂ ಎಣಿಸುವುದಿಲ್ಲ. ಓಲೆಗರಿಯೊಂದೊಂದನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗೆ ಯಾವ ಗ್ರಂಥವು ಯೋಗ್ಯವೆಂದು ಆರಿಸಿಕೊಂಡವಳೂ ಅವಳೇ. ಇಂದು ಹಂಚುವ ಕೆಲಸವನ್ನು ಯಂತ್ರವು ಕ್ಷಣಮಾತ್ರದಲ್ಲಿ ಮಾಡುತ್ತದೆ. ಆರಿಸುವ ಕೆಲಸವನ್ನೂ ಅದೇ ಯಂತ್ರದ ಲೆಕ್ಕಕ್ಕೆ ಒಪ್ಪಿಸಿ ನಮ್ಮವರು ಸುಮ್ಮನೆ ಕುಳಿತಿದ್ದಾರೆ. ಹೆಚ್ಚು ಜನ ನೋಡಿದ್ದೇ ಹೆಚ್ಚು ಒಳ್ಳೆಯದೆಂದು ಅದು ಮುಂದೆ ತಂದು ನಿಲ್ಲಿಸುತ್ತದೆ.

ಆದಕಾರಣ ಪತ್ರಿಕೆಗಳು ಮಾಡತಕ್ಕದ್ದಿಷ್ಟು. ಕಥೆಯನ್ನು ನಾಲ್ಕು ಸಾಲಿಗೆ ಮುಗಿಸಬೇಕು. ಧಾರಾವಾಹಿಯ ಎಲ್ಲ ಕಂತುಗಳನ್ನು ನೋಡದೆ ತೀರ್ಪು ಹೇಳಬಾರದು. ನೋಡಿರದಿದ್ದರೆ ಎಷ್ಟು ನೋಡಿದೆನೆಂದು ಒಪ್ಪಿಕೊಳ್ಳಬೇಕು. ಭಾಷೆ, ಔಚಿತ್ಯ, ವಯಸ್ಸು, ಪಾಠಭೇದ ಇವುಗಳನ್ನು ಹೆಸರುಗೊಂಡು ಹೇಳಬೇಕು. ನಕ್ಷತ್ರಗಳನ್ನು ಆಕಾಶಕ್ಕೆ ತಿರುಗಿ ಒಪ್ಪಿಸಬೇಕು. ವಾಚಕರಾದರೂ ಸುಮ್ಮನಿರತಕ್ಕದ್ದಲ್ಲ. ಯಾದಿಯನ್ನು ವಿಮರ್ಶೆಯೆಂದು ಅಚ್ಚುಹಾಕಿದ ಪತ್ರಿಕೆಗೆ ಒಂದು ಕಾಗದ ಬರೆದು ಕೇಳಲಿ. ಚಕ್ಕಡಿಯಲ್ಲಿ ಗದಗಿಗೆ ಹೊರಟ ಹಿರಿಯರು "ಆಟ ಹ್ಯಾಂಗೈತ್ರೀ?" ಎಂದು ಕೇಳಿ, ಸರಿಯಾದ ಉತ್ತರ ಬರುವವರೆಗೆ ಎತ್ತು ಹೂಡುತ್ತಿರಲಿಲ್ಲ. ಮೊಮ್ಮಕ್ಕಳು ಅಷ್ಟು ಮಾಡಿದರೆ ಸಾಕು.