ಕ್ಲೋಸಿಂಗ್ ಬ್ಯಾಲೆನ್ಸ್ ಬರೆಯದೆ ಫೇರ್‌ವೆಲ್ ಬೇಡ

(1/6)

ಫೇರ್‌ವೆಲ್ ದಿನ ಸೀರೆ ಇರುತ್ತೆ, ಗ್ರೂಪ್ ಫೋಟೋ ಇರುತ್ತೆ, ಅಳು ಇರುತ್ತೆ. "ಬೀರು ಕೀ ಯಾರ ಹತ್ರ ಇದೆ?" ಅನ್ನೋ ಪ್ರಶ್ನೆಗೆ ಉತ್ತರ ಮಾತ್ರ ಇರಲ್ಲ.

ಫೋಟೋದಲ್ಲಿ ಕಾಣ್ತಿರೋದು ನಮ್ಮ ಕಾಮರ್ಸ್ ಫೋರಂನ ಬೀರು. ಐದನೇ ಸೆಮ್ ಶುರುವಾದ ವಾರ ನಾನು ಫೋರಂ ಸೆಕ್ರೆಟರಿ ಆದೆ. ಬೊಕೆ ಕೊಟ್ರು, ಚಪ್ಪಾಳೆ ಹೊಡೆದ್ರು, ಸ್ಟೋರಿಗೆ ಹಾಕೊಂಡೆ. ಮಾರನೇ ದಿನ ಬೀರು ತೆಗೆಯೋಕೆ ಹೋದ್ರೆ ಕೀ ಇಲ್ಲ. ಹಳೇ ಸೆಕ್ರೆಟರಿ ಅಣ್ಣ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. "ನನ್ನ ಹಳೇ ಬ್ಯಾಗಲ್ಲಿರಬೇಕು, ಊರಿಗೆ ಬಂದಾಗ ನೋಡ್ತೀನಮ್ಮಾ" ಅಂದ್ರು. ಕೊನೆಗೆ ಅಟೆಂಡರ್ ಅಣ್ಣ ಸುತ್ತಿಗೆ ತಂದು ಬೀಗ ಒಡೆದ್ರು.

ಒಳಗೆ ಹಳೇ ಬ್ಯಾನರ್, ಹೆಸರು ಬರೆಯದೆ ಉಳಿದಿದ್ದ ಸರ್ಟಿಫಿಕೇಟ್, ಒಣಗಿದ ಮಾರ್ಕರ್, 19 ಪುಸ್ತಕ.

ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ನಮ್ಮ ಫೋರಂ ಒಂದು ಬುಕ್ ಬ್ಯಾಂಕ್ ನಡೆಸುತ್ತೆ. ಪಾಸಾದ ಸೀನಿಯರ್ಸ್ ಪಠ್ಯಪುಸ್ತಕ ಕೊಟ್ಟು ಹೋಗ್ತಾರೆ, ಕೊಳ್ಳೋಕೆ ಕಷ್ಟ ಇರೋ ಜೂನಿಯರ್ಸ್ ಒಂದು ಸೆಮ್‌ಗೆ ತಗೊಂಡು ವಾಪಸ್ ಕೊಡ್ತಾರೆ. ಹಿಂದಿನ ವರ್ಷ 60ಕ್ಕಿಂತ ಜಾಸ್ತಿ ಪುಸ್ತಕ ಇತ್ತು. ಅದು ನಂಗೆ ಗೊತ್ತು, ಯಾಕಂದ್ರೆ ನಾನೇ ಜೋಡಿಸಿದ್ದೆ. ಯಾರ ಹತ್ರ ಯಾವ ಪುಸ್ತಕ ಇದೆ ಅಂತ ಬರೆದಿದ್ದ ರಿಜಿಸ್ಟರ್ ಬೀರುವಿನಲ್ಲಿ ಇರಲಿಲ್ಲ. ಅದು ಇವತ್ತಿಗೂ ಸಿಕ್ಕಿಲ್ಲ.

ಆ ವಾರವೇ ಫಸ್ಟ್ ಇಯರ್ ಹುಡುಗಿ ಒಬ್ಬಳು ಬಂದು ಕೇಳಿದ್ಲು, "ಅಕ್ಕಾ, ಅಡ್ಮಿಷನ್ ದಿನ ಬುಕ್ ಬ್ಯಾಂಕ್ ಇದೆ ಅಂದಿದ್ರಲ್ಲ, ಫೈನಾನ್ಷಿಯಲ್ ಅಕೌಂಟಿಂಗ್ ಸಿಗುತ್ತಾ?"

ಇಲ್ಲ ಅಂದೆ. ಆ ಸೆಮ್ ಪೂರ್ತಿ ಅವಳು ಲೈಬ್ರರಿಯ ರೆಫರೆನ್ಸ್ ಪುಸ್ತಕದ ಪುಟಗಳನ್ನ ಮೊಬೈಲಲ್ಲಿ ಫೋಟೋ ತೆಗೆದುಕೊಂಡು, ಝೂಮ್ ಮಾಡ್ಕೊಂಡು ಲೆಕ್ಕ ಮಾಡಿದ್ಲು.

ಈಗ ಆರನೇ ಸೆಮ್. ನಾನು ಬಿಟ್ಟುಕೊಡೋ ಸರದಿ. ಅದಕ್ಕೇ ಈ ಸರಣಿ. ಒಂದೇ ಕ್ಯಾಪ್ಷನ್‌ಗೆ ಹಿಡಿಸಲ್ಲ, ಆರು ಭಾಗ ಮಾಡಿದ್ದೀನಿ.

(2/6)

ಮೊದಲು ಒಂದು ಮಾತು. ಹಳೇ ಸೆಕ್ರೆಟರಿ ಅಣ್ಣನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರು ಫೆಸ್ಟ್ ಟೈಮಲ್ಲಿ ಊಟ ಬಿಟ್ಟು ಓಡಾಡಿದವರು. ಅವರಿಗೆ ಸೆಕ್ರೆಟರಿ ಆದಾಗಲೂ ಯಾರೂ ಏನೂ ಕೊಟ್ಟಿರಲಿಲ್ಲ. ಇನ್ನು ನಾನೂ ಆ ಕಮಿಟಿಯಲ್ಲೇ ಇದ್ದೆ. ಆರು ತಿಂಗಳು ರಿಜಿಸ್ಟರ್ ನನ್ನ ಕಣ್ಣೆದುರಿಗೇ ಇತ್ತು, ಒಂದು ಫೋಟೋ ತೆಗೆದಿಡೋಣ ಅಂತ ನಂಗೂ ಹೊಳೀಲಿಲ್ಲ.

ನಾವೆಲ್ಲ ಕಾಮರ್ಸ್ ಸ್ಟೂಡೆಂಟ್ಸ್. ಲೆಡ್ಜರ್ ಅಕೌಂಟ್ ಮುಚ್ಚೋವಾಗ ಬ್ಯಾಲೆನ್ಸ್ ಕ್ಯಾರೀಡ್ ಡೌನ್ ಅಂತ ಬರೀತೀವಿ. ಮುಂದಿನ ಅವಧಿಯಲ್ಲಿ ಅದೇ ಮೊತ್ತ ಬ್ರಾಟ್ ಡೌನ್ ಆಗಿ ಬರುತ್ತೆ. ಅದನ್ನ ಬಿಟ್ರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಕಟ್. ಅಷ್ಟು ಕಲಿತಿರೋ ನಾವೇ, ಒಂದು ವರ್ಷದ ಕೆಲಸವನ್ನ ಕ್ಲೋಸಿಂಗ್ ಬ್ಯಾಲೆನ್ಸ್ ಬರೆಯದೆ ಮುಚ್ಚಿ ಎದ್ದು ಹೋಗ್ತೀವಿ. ಹೊಸಬರು ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡ್ತಾರೆ. ನಿಜ ಹೇಳಬೇಕಂದ್ರೆ ಸೊನ್ನೆಯಿಂದಲೂ ಅಲ್ಲ, ಮೈನಸ್‌ನಿಂದ. ಯಾಕಂದ್ರೆ ಸಾಲ ಮಾತ್ರ ತಪ್ಪದೆ ಮುಂದಿನವರಿಗೆ ಬರುತ್ತೆ.

ನಾನು ಸೆಕ್ರೆಟರಿ ಆಗಿ ಹದಿನೈದು ದಿನಕ್ಕೆ ಬ್ಯಾನರ್ ಪ್ರಿಂಟ್ ಮಾಡೋ ಅಂಗಡಿಯವರು ಫೋನ್ ಮಾಡಿದ್ರು. "ಹೋದ ವರ್ಷದ್ದು 3,400 ರೂಪಾಯಿ ಬಾಕಿ ಇದೆ, ಯಾವಾಗ ಕೊಡ್ತೀರಾ?" ಬಿಲ್ ಇಲ್ಲ, ಬರೆದಿಟ್ಟಿಲ್ಲ. ಹಳೇ ಟ್ರೆಷರರ್‌ಗೆ ಕೇಳಿದ್ರೆ ಕೊಟ್ಟ ನೆನಪು ಅಂದ್ರು. ಯಾರನ್ನ ನಂಬೋದು?

1932ರ ಪಾರ್ಟ್‌ನರ್‌ಶಿಪ್ ಆಕ್ಟ್‌ನ ಸೆಕ್ಷನ್ 32 ನೆನಪಿದೆಯಾ? ಪಾಲುದಾರ ನಿವೃತ್ತ ಆದ್ರೂ, ಅದನ್ನ ಪಬ್ಲಿಕ್ ನೋಟಿಸ್ ಕೊಟ್ಟು ತಿಳಿಸೋವರೆಗೆ ಹೊರಗಿನವರ ಲೆಕ್ಕದಲ್ಲಿ ಅವನ ಜವಾಬ್ದಾರಿ ಮುಗಿಯಲ್ಲ. ನಮ್ಮ ಫೋರಂ ಪಾಲುದಾರಿಕೆ ಸಂಸ್ಥೆ ಅಲ್ಲ, ಆ ಕಾನೂನು ನಮಗೆ ಅನ್ವಯಿಸಲ್ಲ. ಆದ್ರೆ ಅದರ ಹಿಂದಿನ ನ್ಯಾಯ ನೋಡಿ. ಬಿಟ್ಟು ಹೋಗೋದು ಸುಮ್ಮನೆ ಎದ್ದು ನಡೆಯೋದಲ್ಲ. ನಾಲ್ಕು ಜನರಿಗೆ ತಿಳಿಸಿ, ಲೆಕ್ಕ ಒಪ್ಪಿಸಿ ಹೋಗೋದು.

(3/6)

"ಕಾಲೇಜಲ್ಲಿ ಇದೆಲ್ಲ ಆಗಲ್ಲ ಬಿಡು, ಮೂರು ವರ್ಷಕ್ಕೆ ಎಲ್ಲರೂ ಹೋಗೋರೇ." ಈ ಮಾತು ತುಂಬಾ ಕೇಳಿದ್ದೀನಿ. ಆಗುತ್ತೆ ಅನ್ನೋಕೆ ಮೂರು ಉದಾಹರಣೆ ಕೊಡ್ತೀನಿ.

ಒಂದು, ನಮ್ಮದೇ ಕಾಲೇಜಿನ ಎನ್‌ಎಸ್‌ಎಸ್. 1969ರಲ್ಲಿ ಶುರುವಾದ ಯೋಜನೆ. ಒಬ್ಬ ಸ್ವಯಂಸೇವಕ ಎರಡು ವರ್ಷ ಇರ್ತಾನೆ, ವರ್ಷಕ್ಕೆ 120 ಗಂಟೆಯಂತೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಎರಡು ವರ್ಷ ಅನ್ನೋದೇ ಇಲ್ಲಿ ಮುಖ್ಯ. ಈ ವರ್ಷದ ಶಿಬಿರಕ್ಕೆ ಹೊಸದಾಗಿ ಹೋಗೋರ ಪಕ್ಕದಲ್ಲಿ, ಒಂದು ವರ್ಷ ಕೆಲಸ ಮಾಡಿದವರು ಇರ್ತಾರೆ. ಸಾಂಬಾರಿಗೆ ಎಷ್ಟು ಬೇಳೆ, ಊರಿನ ಶಾಲೆ ಹೆಡ್‌ಮಾಸ್ಟರ್‌ನ ಹೇಗೆ ಮಾತಾಡಿಸ್ಬೇಕು ಅನ್ನೋದನ್ನ ಯಾರೂ ಪಾಠ ಮಾಡಲ್ಲ. ಜೊತೆಗಿದ್ದೇ ಕಲೀತಾರೆ.

ಎರಡು, ರೋಟರಿ. ಅವರ ವರ್ಷ ಜುಲೈ 1ಕ್ಕೆ ಶುರುವಾಗುತ್ತೆ. ಮುಂದಿನ ಅಧ್ಯಕ್ಷರು ಯಾರು ಅನ್ನೋದು ಅದಕ್ಕೆ ಎಷ್ಟೋ ಮೊದಲೇ ತೀರ್ಮಾನ ಆಗಿರುತ್ತೆ. ಅವರನ್ನ ಪ್ರೆಸಿಡೆಂಟ್ ಎಲೆಕ್ಟ್ ಅಂತಾರೆ. ಕುರ್ಚಿಯಲ್ಲಿ ಕೂರೋಕೆ ಮುಂಚೆ ಕಲಿಯೋಕೆ ಟೈಮ್ ಸಿಗುತ್ತೆ.

ಮೂರನೇದು ನಂಗೆ ತುಂಬಾ ಇಷ್ಟ ಆದದ್ದು. ಅಮೆರಿಕದ ಕಾಲೇಜುಗಳಲ್ಲಿ ಚೆನ್ನಾಗಿ ಓದೋ ವಿದ್ಯಾರ್ಥಿಗಳ ಆನರ್ ಸೊಸೈಟಿಗಳಿವೆ. ಅದರಲ್ಲಿ ಹಳೇದು ಫೈ ಬೀಟಾ ಕಪ್ಪಾ. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಐದು ವಿದ್ಯಾರ್ಥಿಗಳು ಶುರು ಮಾಡಿದ್ದು. ಆಗ ಸ್ವಾತಂತ್ರ್ಯ ಯುದ್ಧದ ಕಾಲ. ಬೇರೆ ಕಾಲೇಜುಗಳಲ್ಲೂ ಶಾಖೆ ತೆರೆಯೋಕೆ ಅವರು ಅಧಿಕಾರ ಪತ್ರ ಕೊಟ್ಟಿದ್ರು. 1780ರಲ್ಲಿ ಯೇಲ್, 1781ರಲ್ಲಿ ಹಾರ್ವರ್ಡ್ ಶಾಖೆ ಶುರುವಾಯ್ತು. ಅದೇ 1781ರಲ್ಲಿ ಯುದ್ಧ ಹತ್ತಿರ ಬಂದು ಮೂಲ ಶಾಖೆಯೇ ನಿಂತುಹೋಯ್ತು. ಹೋಗೋ ಮುಂಚೆ ಅವರು ದಾಖಲೆಗಳಿಗೆ ಸೀಲ್ ಹಾಕಿ ಕಾಲೇಜಿನ ಸ್ಟೀವರ್ಡ್ ಕೈಗೆ ಒಪ್ಪಿಸಿದ್ರು. ಇವತ್ತು ಆ ಸೊಸೈಟಿಗೆ 250ಕ್ಕೂ ಹೆಚ್ಚು ಶಾಖೆಗಳಿವೆ.

ಯುದ್ಧ ಬಾಗಿಲಿಗೆ ಬಂದಾಗಲೂ ಆ ಹುಡುಗರು ದಾಖಲೆ ಒಪ್ಪಿಸಿ ಹೋದ್ರು. ನಮ್ಗೆ ಬರೀ ಇಂಟರ್ನಲ್ಸ್ ಹತ್ತಿರ ಬಂದಿರೋದು.

(4/6) ಇದನ್ನ ಸೇವ್ ಮಾಡ್ಕೊಳ್ಳಿ

ನನ್ನ ಅಭಿಪ್ರಾಯ ಸರಳ. ಹ್ಯಾಂಡೋವರ್ ಒಂದು ದಿನದ ಕಾರ್ಯಕ್ರಮ ಆಗಬಾರದು, ಆರು ವಾರದ ಕೆಲಸ ಆಗಬೇಕು. ಪರೀಕ್ಷೆ ಟೈಮ್‌ಟೇಬಲ್ ಬರೋಕೆ ಮುಂಚೆ ಹೊಸ ಕಮಿಟಿ ಆಯ್ಕೆ ಮುಗೀಬೇಕು. ಆಮೇಲೆ ಯಾರಿಗೂ ಪುರುಸೊತ್ತು ಇರಲ್ಲ. ನಾವು ಈ ಸಲ ಮಾಡ್ತಿರೋದು ಇಷ್ಟು.

ದುಡ್ಡು: ಕ್ಯಾಶ್ ಬುಕ್, ಬಿಲ್ ಫೈಲ್, ಕೈಯಲ್ಲಿರೋ ನಗದು ಮೂರನ್ನೂ ಎದುರಾ ಬದುರು ಕೂತು ಟ್ಯಾಲಿ ಮಾಡೋದು. ಯಾರಿಗೆ ಎಷ್ಟು ಬಾಕಿ, ನಮಗೆ ಯಾರಿಂದ ಬರಬೇಕು ಅಂತ ಪಟ್ಟಿ. ಹಳಬರು, ಹೊಸಬರು, ಕೋಆರ್ಡಿನೇಟರ್ ಮೇಡಂ ಮೂವರ ಸಹಿ. ಫೋರಂ ದುಡ್ಡು ಯಾರದೇ ಸ್ವಂತ ಅಕೌಂಟಿಗೆ, ಸ್ವಂತ ಯುಪಿಐಗೆ ಬರಬಾರದು. ಎಷ್ಟೇ ಪ್ರಾಮಾಣಿಕರಾಗಿದ್ರೂ ಬೇಡ. ನಾಳೆ ಅನುಮಾನ ಬಂದ್ರೆ ತೋರಿಸೋಕೆ ಏನೂ ಇರಲ್ಲ.

ಪಾಸ್‌ವರ್ಡ್: ಇನ್‌ಸ್ಟಾ ಪೇಜ್, ಇಮೇಲ್, ಡ್ರೈವ್ ಯಾವುದೂ ವಿದ್ಯಾರ್ಥಿಯ ಸ್ವಂತ ನಂಬರಿಗೆ ಲಿಂಕ್ ಆಗಿರಬಾರದು. ನಮ್ಮ ಹಳೇ ಪೇಜ್ ಹೋಗಿದ್ದೇ ಹಾಗೆ. ಓಟಿಪಿ ಹೋಗ್ತಿದ್ದ ಸಿಮ್ ಬಂದ್ ಆಗಿತ್ತು. ಈಗ ಡಿಪಾರ್ಟ್‌ಮೆಂಟ್ ನಂಬರ್ ಕೊಟ್ಟಿದ್ದೀವಿ.

ಜನ: ಹಾಲ್ ಕೀ ಯಾವ ಅಟೆಂಡರ್ ಹತ್ರ ಇರುತ್ತೆ, ಪರ್ಮಿಷನ್ ಲೆಟರ್ ಆಫೀಸಲ್ಲಿ ಯಾರಿಗೆ ಕೊಡ್ಬೇಕು, ಮೈಕ್ ಸೆಟ್‌ನವರಿಗೆ ಎಷ್ಟು ದಿನ ಮುಂಚೆ ಹೇಳ್ಬೇಕು. ನಂಬರ್ ಫಾರ್ವರ್ಡ್ ಮಾಡಿದ್ರೆ ಸಾಲದು. ಹೊಸಬರನ್ನ ಕರ್ಕೊಂಡು ಹೋಗಿ, "ಮುಂದಿನ ವರ್ಷ ಇವರು ಬರ್ತಾರೆ ಅಣ್ಣ" ಅಂತ ಪರಿಚಯ ಮಾಡಿಸಿ.

ಕೆಲಸ: ಕೊನೆಯ ಒಂದು ಕಾರ್ಯಕ್ರಮವನ್ನ ಪೂರ್ತಿ ಹೊಸಬರೇ ನಡೆಸ್ಬೇಕು. ಹಳಬರು ಹಿಂದಿನ ಬೆಂಚಲ್ಲಿ ಕೂರ್ಬೇಕು. ತಪ್ಪಾದ್ರೆ ಆಗ್ಲಿ, ಕೇಳೋಕೆ ನಾವು ಇನ್ನೂ ಕ್ಯಾಂಪಸ್ಸಲ್ಲೇ ಇರ್ತೀವಿ.

ಬುಕ್ ಬ್ಯಾಂಕ್ ರಿಜಿಸ್ಟರ್: ಒಂದು ಪ್ರತಿ ಬೀರುವಿನಲ್ಲಿ, ಒಂದು ಡ್ರೈವಲ್ಲಿ, ಒಂದು ಲೈಬ್ರರಿಯಲ್ಲಿ.

(5/6)

ಪಟ್ಟಿ ಬರೆಯೋದು ಸುಲಭ. ನಂಗೆ ಕಷ್ಟ ಆಗಿದ್ದು ಎರಡು ವಿಷಯ.

ಮೊದಲನೇದು, ಯಾರಿಗೆ ಕೊಡೋದು. ನಮ್ಮಲ್ಲಿ ಸೆಕ್ರೆಟರಿ ಅಂದ್ರೆ ಸ್ಟೇಜ್ ಮೇಲೆ ಚೆನ್ನಾಗಿ ಮಾತಾಡೋರು ಅಂತ ಒಂದು ಲೆಕ್ಕ. ಈ ವರ್ಷ ಪುಸ್ತಕಗಳಿಗೆ ಹೊಸ ರಟ್ಟು ಹಾಕಿ, ನಂಬರ್ ಬರೆದು, ಕ್ಲಾಸ್ ಕ್ಲಾಸಿಗೆ ಹೋಗಿ ಹಳೇ ಪುಸ್ತಕ ವಾಪಸ್ ತಂದವಳು ಸೆಕೆಂಡ್ ಇಯರ್ ಹುಡುಗಿ. ಅವಳ ಓಡಾಟದಿಂದ 19 ಇದ್ದದ್ದು 47 ಆಯ್ತು. ಆದ್ರೂ ಹೆಸರು ಸೂಚಿಸೋ ಮೀಟಿಂಗಲ್ಲಿ ಅವಳ ಹೆಸರೇ ಬರಲಿಲ್ಲ. ಯಾಕಂದ್ರೆ ಅವಳು ಮೀಟಿಂಗಿಗೇ ಬರ್ತಿರಲಿಲ್ಲ. ಯಾಕೆ ಬರ್ತಿರಲಿಲ್ಲ? ನಮ್ಮ ಮೀಟಿಂಗ್ ಯಾವಾಗ್ಲೂ ನಾಲ್ಕೂವರೆಗೆ. ಅವಳ ಊರಿಗೆ ಬಸ್ಸು ನಾಲ್ಕು ಇಪ್ಪತ್ತಕ್ಕೆ. ಅದು ತಪ್ಪಿದ್ರೆ ಮುಂದಿನದು ಏಳು ಗಂಟೆಗೆ.

ಬಸ್ ಪಾಸ್ ಇರೋರು ಪದಾಧಿಕಾರಿ ಆಗಬಾರದು ಅಂತ ನಾವು ಯಾರೂ ರೂಲ್ ಮಾಡಿಲ್ಲ. ಆದ್ರೆ ಮೀಟಿಂಗ್ ಟೈಮೇ ಆ ರೂಲ್ ಆಗಿತ್ತು. ಈಗ ಮಧ್ಯಾಹ್ನ ಊಟದ ಬ್ರೇಕ್‌ನಲ್ಲಿ ಮೀಟಿಂಗ್ ಮಾಡ್ತಿದ್ದೀವಿ. ಅವಳು ಬರ್ತಿದ್ದಾಳೆ. ಮುಂದಿನ ಸೆಕ್ರೆಟರಿ ಅವಳೇ.

ಎರಡನೇದು ಹೇಳೋಕೆ ಸ್ವಲ್ಪ ಮುಜುಗರ. ನನ್ನ ಅವಧಿಯ ಫೆಸ್ಟ್‌ನಲ್ಲಿ 1,850 ರೂಪಾಯಿ ನಷ್ಟ ಆಯ್ತು. ಬರೋ ಟೀಮ್‌ಗಳ ಲೆಕ್ಕ ತಪ್ಪಿ ಊಟ ಜಾಸ್ತಿ ಹೇಳಿದ್ದೆ. ಹ್ಯಾಂಡೋವರ್ ಫೈಲ್ ಬರೆಯೋವಾಗ ಅದನ್ನ "ಇತರೆ ಖರ್ಚು" ಅಂತ ಸೇರಿಸಿಬಿಡೋಣ ಅನ್ನಿಸ್ತು. ಬರೆದೂಬಿಟ್ಟೆ. ರಾತ್ರಿ ಮಲಗಿದಾಗ ನಗು ಬಂತು. ಕ್ಲಾಸಲ್ಲಿ ವಿಂಡೋ ಡ್ರೆಸ್ಸಿಂಗ್ ತಪ್ಪು ಅಂತ ಐದು ಮಾರ್ಕ್ಸಿಗೆ ಉತ್ತರ ಬರೆದವಳು ನಾನೇ. ಮಾಡ್ತಿರೋದು ಏನು?

ಬೆಳಿಗ್ಗೆ ತಿದ್ದಿದೆ. "ಊಟದ ಅಂದಾಜು ತಪ್ಪಿ ನಷ್ಟ. ಮುಂದಿನ ಸಲ ಟೀಮ್ ಎಣಿಕೆ ಹಿಂದಿನ ದಿನ ಸಂಜೆ ಖಚಿತ ಮಾಡ್ಕೊಂಡು ಊಟ ಹೇಳಿ." ನಾನು ಗೆದ್ದ ವಿಷಯ ಬ್ಯಾನರ್ ಮೇಲೆ, ಇನ್‌ಸ್ಟಾದಲ್ಲಿ ಎಲ್ಲಾ ಕಡೆ ಇದೆ. ಹೊಸಬರಿಗೆ ಉಪಯೋಗಕ್ಕೆ ಬರೋದು ನಾನು ಸೋತ ವಿಷಯ.

(6/6)

ಕೊನೇ ಭಾಗ.

"ನಾವೂ ಕಷ್ಟಪಟ್ಟೇ ಕಲಿತ್ವಿ, ಅವರೂ ಕಲೀಲಿ" ಅನ್ನೋರಿಗೆ ಒಂದು ಪ್ರಶ್ನೆ. ನಾವು ಕಷ್ಟಪಟ್ಟು ಏನು ಕಲಿತ್ವಿ? ಬೀಗ ಒಡೆಯೋದು, ಹೋದ ಪೇಜ್‌ಗೆ ಅಳೋದು, ಇನ್ಯಾರದೋ ಬಾಕಿಗೆ ಬೈಸ್ಕೊಳ್ಳೋದು. ಅದರಿಂದ ಯಾವ ಲೀಡರ್‌ಶಿಪ್ಪೂ ಬರಲಿಲ್ಲ. ನನ್ನ ಮೊದಲ ಎರಡು ತಿಂಗಳು ಅದರಲ್ಲೇ ಹೋಯ್ತು. ಹೊಸಬರು ಕಷ್ಟಪಡ್ಲಿ, ಆದ್ರೆ ಹೊಸ ಕಷ್ಟ ಪಡ್ಲಿ. ನಮ್ಮ ಹಳೇ ಕಷ್ಟವನ್ನೇ ಮತ್ತೆ ಯಾಕೆ?

ಇನ್ನು ಸೀನಿಯರ್ಸ್‌ಗೆ, ಅಂದ್ರೆ ನಂಗೂ ಸೇರಿಸಿ. ಕೊಡೋದು ಅಂದ್ರೆ ಪೂರ್ತಿ ಕೊಡೋದು. ಕೀ ಕೊಟ್ಟು ವಾಟ್ಸಾಪ್ ಗ್ರೂಪ್ ಅಡ್ಮಿನ್ ಆಗಿ ಉಳಿಯೋದು ಹ್ಯಾಂಡೋವರ್ ಅಲ್ಲ. ಹೋದ ವಾರ ಹೊಸ ಕಮಿಟಿ ಪೋಸ್ಟರ್ ಹಾಕಿದ್ರು. ಬಣ್ಣ ನಂಗೆ ಇಷ್ಟ ಆಗಲಿಲ್ಲ. ಬದಲಾಯಿಸಿ ಅಂತ ಟೈಪ್ ಮಾಡಿ, ಡಿಲೀಟ್ ಮಾಡಿದೆ. ಆಮೇಲೆ ನನ್ನ ಅಡ್ಮಿನ್ ತೆಗೀರಿ ಅಂತ ನಾನೇ ಹೇಳ್ದೆ. ತೆಗೆದ್ರು. ಸ್ವಲ್ಪ ಬೇಜಾರಾಯ್ತು, ಸುಳ್ಳು ಹೇಳಲ್ಲ. ಒಂದು ವರ್ಷ ಎಲ್ಲದಕ್ಕೂ "ಅಕ್ಕಾ, ಏನ್ ಮಾಡೋಣ?" ಅಂತ ಕೇಳ್ತಿದ್ದೋರು ಈಗ ಕೇಳಲ್ಲ. ಆದ್ರೆ ಕೇಳ್ದೇ ನಡೆಸ್ಲಿ ಅಂತಾನೇ ಅಲ್ವಾ ನಾವು ಹೇಳ್ಕೊಟ್ಟಿದ್ದು?

ಜೂನಿಯರ್ಸ್, ನಿಮಗೂ ಒಂದು ಮಾತು. ಬೊಕೆ ತಗೊಳ್ಳೋಕೆ ಮುಂಚೆ ಫೈಲ್ ಕೇಳಿ. ಕೇಳೋದು ಅವಮಾನ ಮಾಡಿದ ಹಾಗಲ್ಲ. "ಅಣ್ಣಾ, ಬಾಕಿ ಏನಾದ್ರೂ ಇದೆಯಾ?" ಅಂತ ನಾನು ಅವತ್ತು ಒಂದು ಮಾತು ಕೇಳಿದ್ರೆ ಅರ್ಧ ತೊಂದರೆ ತಪ್ಪುತ್ತಿತ್ತು.

ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ, ಸಾಂಸ್ಕೃತಿಕ ಸಂಘ, ಕ್ವಿಜ್ ಕ್ಲಬ್, ಯಾವುದೇ ಇರಲಿ, ಈ ವಾರ ಹೋಗಿ ಒಂದು ವಿಷಯ ನೋಡಿ ಬನ್ನಿ: ಬೀರು ಕೀ ಯಾರ ಹತ್ರ ಇದೆ? ಕಾಮೆಂಟ್‌ನಲ್ಲಿ ಬರೀರಿ. ನಗಬೇಡಿ, ನಿಜವಾಗ್ಲೂ ಓದ್ತೀನಿ.

ನಮ್ಮದು ಈಗ ಎರಡು ಕೀ. ಒಂದು ಹೊಸ ಸೆಕ್ರೆಟರಿ ಹತ್ರ, ಇನ್ನೊಂದು ಡಿಪಾರ್ಟ್‌ಮೆಂಟಲ್ಲಿ. ನನ್ನ ಹತ್ರ ಒಂದೂ ಇಲ್ಲ.

ಬುಕ್ ಬ್ಯಾಂಕ್ ಓಪನಿಂಗ್ ಬ್ಯಾಲೆನ್ಸ್: 47 ಪುಸ್ತಕ. ಫೈನಲ್ ಇಯರ್‌ನವರೇ, ಪರೀಕ್ಷೆ ಮುಗಿದ ದಿನ ನಿಮ್ಮದನ್ನ ಗುಜರಿಗೆ ಹಾಕ್ಬೇಡಿ, ಇಲ್ಲಿಗೆ ತನ್ನಿ.

#ಬಿಕಾಂಡೈರಿ #ಕಾಮರ್ಸ್‌ಫೋರಂ #ಬುಕ್‌ಬ್ಯಾಂಕ್ #ಕೀಯಾರಹತ್ರಇದೆ