ಷೋಕೇಸಿನ ಗೊಂಬೆ, ಅಡುಗೆಮನೆಯ ಸಟ್ಟುಗ

ಮಾಧವರಂನ ನಮ್ಮ ಕನ್ನಡ ಮನೆಗಳ ಷೋಕೇಸುಗಳಲ್ಲಿ ಚನ್ನಪಟ್ಟಣದ ಗೊಂಬೆಗೆ ಸ್ಥಾನವಿದೆ; ಅಡುಗೆಮನೆಯಲ್ಲಿ ಮರದ ಸಟ್ಟುಗಕ್ಕಿಲ್ಲ. ಇದ್ದರೂ ಅದು ನಾನ್‌ಸ್ಟಿಕ್ ಬಾಣಲೆಯ ಲೇಪ ಕೆಡದಿರಲೆಂದು ಆನ್‌ಲೈನಿನಲ್ಲಿ ತರಿಸಿದ್ದು, ‘ಕೈಕೆತ್ತನೆ’ ಎಂಬ ಚೀಟಿ ಹೊತ್ತದ್ದು. ಆ ಚೀಟಿಯನ್ನು ನಾವು ಪ್ರಶ್ನಿಸಬೇಕಾಗಿದೆ.

ಚನ್ನಪಟ್ಟಣದ್ದು ಲೇತ್‌ನ ಕಲೆ. ತಿರುಗುವ ಹಾಲೆಮರದ ತುಂಡಿಗೆ ಉಳಿಯೊಡ್ಡಿ ಆಕಾರ ಕೊಟ್ಟು, ಉಜ್ಜಿದ ಬಿಸಿಯಲ್ಲೇ ಅರಗಿನ ಬಣ್ಣ ಕೂರಿಸುತ್ತಾರೆ. ಲಟ್ಟಣಿಗೆಗೆ ಅದು ಸಾಕು. ಸಟ್ಟುಗದ ಮಾತು ಬೇರೆ. ಅದರ ಗುಳಿಯನ್ನು ಬಾಗಿದ ಬಾಯಿಯ ಉಳಿಯಿಂದ, ಮರದ ಎಳೆ ನೋಡಿ ನೋಡಿ ತೋಡಬೇಕು. ಎಳೆಗೆ ಎದುರಾಗಿ ನೂಕಿದರೆ ಮರ ಸಿಬಿರೇಳುತ್ತದೆ. ಎಳೆ ಹಿಡಿಯುದ್ದಕ್ಕೂ ಹರಿದಿದ್ದರೆ ಸಟ್ಟುಗ ಬಾಳುತ್ತದೆ. ಹಲಗೆಯಿಂದ ಅಡ್ಡಾದಿಡ್ಡಿ ಕೊಯ್ದದ್ದು ಕತ್ತಿನಲ್ಲೇ ಮುರಿಯುತ್ತದೆ. ಕೈಕೆಲಸ ದುಬಾರಿಯೆನ್ನುವ ಮಿತ್ರರಿಗೆ ನಮ್ಮ ಪ್ರಶ್ನೆ: ವರ್ಷಕ್ಕೊಂದನ್ನು ಮುರಿದೆಸೆಯುವುದು ಅಗ್ಗವೇ?

ಕೇಂದ್ರದ ವಿಶ್ವಕರ್ಮ ಯೋಜನೆ 2023ರಲ್ಲಿ ಹೆಸರಿಸಿದ 18 ಕಸುಬುಗಳಲ್ಲಿ ಬಡಗಿಯಿದ್ದಾನೆ, ಗೊಂಬೆ ಮಾಡುವವನಿದ್ದಾನೆ. ಸೌಟು ಕೆತ್ತುವವನಿಗೆ ಪ್ರತ್ಯೇಕ ಸಾಲಿಲ್ಲ. (ಪಟ್ಟಿಯಲ್ಲಿಲ್ಲದ್ದು ಲೋಕದಲ್ಲೂ ಇಲ್ಲವೆಂದು ನಂಬುವುದು ಸರ್ಕಾರಿ ನೌಕರರಾದ ನಮ್ಮ ಹಳೆಯ ಚಾಳಿ.) ಆದರೆ ಕೊಳ್ಳುವ ನಾವೂ ಅವನನ್ನು ಬಡಗಿಯೆಂದು ಕರೆದು, ಬಾಗಿಲು ರಿಪೇರಿಗಷ್ಟೇ ನೆನೆಯುತ್ತೇವಲ್ಲ!

ಸಟ್ಟುಗವೆಂದರೆ ನೆರೆಮನೆಯ ತಮಿಳರಿಗೂ ಅರ್ಥವಾದೀತು, ಅವರದು ಸಟ್ಟುವಂ. ಬರುವ ರಾಜ್ಯೋತ್ಸವದ ಮಳಿಗೆಯಲ್ಲಿ ಗೊಂಬೆಗಳ ಪಕ್ಕಕ್ಕೆ ಉಳಿಯ ಗುರುತು ಮಾಸದ ಸಟ್ಟುಗಗಳನ್ನು ಇಡಿಸೋಣ. ಕೆತ್ತಿದವರು ಹೇಳಿದ ಬೆಲೆಗೆ, ಚೌಕಾಸಿ ಮಾಡದೆ ಕೊಳ್ಳೋಣ.