ಕಾಂಡ್ಲಾ ವನ ಮತ್ತು ನಮ್ಮ ಹೊಣೆ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಸಂಗತಿ 2024ರ ಜನವರಿಯಲ್ಲಿ ಪ್ರಕಟವಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ದುಡಿಯುವ ಕಥೋಲಿಕ ಕುಟುಂಬಗಳಲ್ಲಿ ಹಲವರ ಮೂಲಮನೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿದೆ. ಆದಕಾರಣ ಈ ವಾರ್ತೆ ನಮಗೆ ದೂರದ್ದಲ್ಲ.

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಿಜವಾದ ಸಂಪತ್ತು ಇರುವುದು ಅವುಗಳ ಬುಡದ ಕೆಸರಿನಲ್ಲಿ. ಗಿಡಗಳು ಗಾಳಿಯಿಂದ ಹೀರಿದ ಇಂಗಾಲ ಎಲೆ, ಬೇರುಗಳ ಮೂಲಕ ಕೆಸರನ್ನು ಸೇರುತ್ತದೆ. ಅಲ್ಲಿ ಆಮ್ಲಜನಕ ವಿರಳವಾದ್ದರಿಂದ ಅದು ಕೊಳೆಯುವುದು ಬಹು ನಿಧಾನ. ಶತಮಾನಗಳ ಸಂಗ್ರಹ ಹಾಗೆಯೇ ಉಳಿಯುತ್ತದೆ. ಹಿಂದೂ ಮಹಾಸಾಗರ ಹಾಗೂ ಪೆಸಿಫಿಕ್ ವಲಯದ ಇಂತಹ ವನಗಳಲ್ಲಿ ಹೆಕ್ಟೇರಿಗೆ ಸರಾಸರಿ ಸುಮಾರು 1,000 ಟನ್ ಇಂಗಾಲವಿದೆಯೆಂದು 2011ರ ಅಧ್ಯಯನವೊಂದು ಅಂದಾಜಿಸಿತು. ಸೀಗಡಿ ಕೊಳಕ್ಕೋ ನಿವೇಶನಕ್ಕೋ ಆ ನೆಲವನ್ನು ಅಗೆದು ಒಣಗಿಸಿದರೆ, ಕೂಡಿಟ್ಟ ಇಂಗಾಲ ಮರಳಿ ಗಾಳಿಯನ್ನು ಸೇರುತ್ತದೆ.

ಕರ್ನಾಟಕದ ಪಾಲು ಕಿರಿದು. ಭಾರತೀಯ ಅರಣ್ಯ ಸರ್ವೇಕ್ಷಣೆಯ 2021ರ ವರದಿಯಂತೆ ರಾಜ್ಯದ ಕಾಂಡ್ಲಾ ವನ ಕೇವಲ 13 ಚದರ ಕಿಲೋಮೀಟರ್. ಅಷ್ಟು ಸ್ವಲ್ಪವೇ ಇರುವುದರಿಂದ ಅದರ ಒಂದೊಂದು ಎಕರೆಯೂ ಅಮೂಲ್ಯ.

ಎಲ್ಲೋ ಸಸಿ ನೆಡಿಸಿದರೆ ಇಲ್ಲಿನ ಹೊಗೆಗೆ ಪರಿಹಾರ ದೊರೆಯಿತೆಂಬ ವಾದ ಇಂದು ನಮ್ಮ ಕಛೇರಿ, ಕಾರ್ಖಾನೆಗಳಲ್ಲಿ ಕೇಳಿಬರುತ್ತಿದೆ. ಸಸಿ ನೆಡುವುದು ಒಳ್ಳೆಯದೇ. ಆದರೆ ಹಳೆಯ ಕೆಸರಿನ ಸಂಗ್ರಹಕ್ಕೆ ಹೊಸ ಸಸಿ ಸಮನಾಗಲು ಹಲವು ತಲೆಮಾರುಗಳೇ ಬೇಕು. ತಿದ್ದಿಕೊಳ್ಳುವ ದೃಢಸಂಕಲ್ಪವಿಲ್ಲದ ಪಾಪನಿವೇದನೆ ಅಪೂರ್ಣವೆಂದು ಬಾಲ್ಯದ ಧರ್ಮೋಪದೇಶದಲ್ಲಿಯೇ ಕಲಿತ ನಮಗೆ ಈ ಮಾತು ಹೊಸದಲ್ಲ. ವಿದ್ಯುತ್ತು, ಇಂಧನಗಳ ದುಂದನ್ನು ಮೊದಲು ಇಲ್ಲಿಯೇ ತಗ್ಗಿಸಬೇಕು.

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸೀ'ಯಲ್ಲಿ ಕಾಂಡ್ಲಾ ವನಗಳ ಕಣ್ಮರೆಯನ್ನು ಹೆಸರಿಸಿಯೇ ಕಳವಳ ವ್ಯಕ್ತಪಡಿಸಿದ್ದರು. ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಈ ವನಗಳಿಗೆ ಅತ್ಯುನ್ನತ ರಕ್ಷಣೆ ನೀಡಿವೆ. ಆದರೂ ಹೊಳೆಯಂಚಿನ ಪಿತ್ರಾರ್ಜಿತ ಭೂಮಿಯ ಮೇಲೆ ನಿಜವಾದ ತೀರ್ಮಾನ ಆಗುವುದು ಅನೇಕ ವೇಳೆ ಮನೆಯವರ ಮಾತುಕತೆಯಲ್ಲಿ. ಕ್ರಿಸ್ಮಸ್ ರಜೆಗೆ ಊರಿಗೆ ತೆರಳಿದಾಗ ಪಾಲಿನ ಜಾಗವನ್ನು ಮಾರುವ, ಮಣ್ಣು ತುಂಬಿಸುವ ಪ್ರಸ್ತಾಪ ಬಂದೀತು. ಬೆಲೆಯನ್ನು ಕೇಳುವ ಮುನ್ನ, ಅಲ್ಲಿ ಕಾಂಡ್ಲಾ ಇದೆಯೇ ಎಂದು ಕೇಳೋಣ. ಇದ್ದರೆ ಅದನ್ನು ಇದ್ದ ಹಾಗೆಯೇ ಮಕ್ಕಳಿಗೆ ಒಪ್ಪಿಸೋಣ. ಸೃಷ್ಟಿಕರ್ತನು ನಮಗೆ ವಹಿಸಿದ್ದು ಭೂಮಿಯ ಪಾಲನೆಯನ್ನು.